ಗೌಡರಿಗೆ ಮೊದಲ ನೀರು

ಕಳೆದ ರವಿವಾರ ಬೆಳಿಗ್ಗೆ ನಲ್ಲಿ ತಿರುವಿದೆ. ನೀರಿಗಿಂತ ಮುಂಚೆ ಬ್ಲೀಚಿಂಗ್ ಪುಡಿಯ ಘಾಟು ಬಂತು. ಎಲ್ಲೋ ಪೈಪು ಒಡೆದು ರಿಪೇರಿ ಆಗಿರಬೇಕು. "ನೀರಾಗ ಪುಡಿ ಹಾಕ್ಯಾರೋ, ಪುಡಿಯಾಗ ನೀರು ಹಾಕ್ಯಾರೋ ಯಾರಿಗ್ಗೊತ್ತು" ಎಂದು ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಬಕೆಟ್ ತುಂಬಿ ಹರಿಯುತ್ತಿದ್ದರೂ ನಾನು ನಿಂತೇ ಇದ್ದೆ. ಈ ವಾಸನೆಗೆ ನಿಮಗೆ ದವಾಖಾನೆ ನೆನಪಾಗಬಹುದು, ಈಜುಕೊಳ ನೆನಪಾಗಬಹುದು. ನನಗೆ ನೆನಪಾಗುವುದು ಮೂರಡಿ ಉದ್ದದ ಒಂದು ಮೀನು. ಅದರ ಹೆಸರು ಗೌಡ್ರು. ಬರೀ ಗೌಡ ಎಂದು ಕರೆದರೆ ಆ ಮನೆಯಲ್ಲಿ ಯಾರೂ ಸಹಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಧಾರವಾಡದಿಂದ ಹುಬ್ಬಳ್ಳಿಗೆ ವರ್ಗವಾಯಿತು. ಹೊಸ ಹೆಂಡತಿಯನ್ನು ಕರೆದುಕೊಂಡು ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಮಹಡಿ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಧಾರವಾಡದವರಿಗೆ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್ ದೂರವಲ್ಲ, ಇಪ್ಪತ್ತು ಮೆಟ್ಟಿಲು ಕೆಳಗೆ. ನಮ್ಮದು ಶುದ್ಧ ಮಾತು, ತಂಪು ಗಾಳಿ, ಅವರದು ವ್ಯಾಪಾರ ಮತ್ತು ಧೂಳು. ಈ ತಿಳಿವಳಿಕೆಯನ್ನೂ ಟ್ರಂಕಿನಲ್ಲಿಟ್ಟುಕೊಂಡೇ ಬಂದಿದ್ದೆ.

ಮನೆಯ ಮಾಲಕರು ಚನ್ನಬಸಪ್ಪ ಕಾಕಾ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಬಾಡಿಗೆಯ ಮಾತು ಒಂದೇ ನಿಮಿಷಕ್ಕೆ ಮುಗಿಯಿತು. ಕರಾರು ಮಾತ್ರ ಒಂದಿತ್ತು.

"ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನೀರು ಬರತಾವ್ರಿ ಸಾಹೇಬ್ರ. ಬಂದ ಕೂಡ್ಲೆ ಮೊದಲ ಗೌಡ್ರಿಗೆ. ಆಮ್ಯಾಲೆ ನಿಮಗ. ಉಳಿದ್ರ ನಮಗ. ಒಪ್ಪಿಗಿ ಇದ್ರ ಕೀಲಿ ತಗೋರಿ."

ಗೌಡ್ರು ಎಂದರೆ ಹಾಸಿಗೆ ಹಿಡಿದ ಹಿರಿಯರಿರಬೇಕು ಎಂದುಕೊಂಡು ನಾನು ಮುಖದ ಮೇಲೆ ಮರುಕ ತಂದುಕೊಂಡೆ. ಕಾಕಾ ಪಡಸಾಲೆಯ ಪರದೆ ಸರಿಸಿದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ನನ್ನ ಎದೆಯೆತ್ತರಕ್ಕೆ ಗಾಜಿನ ತೊಟ್ಟಿ. ಕಬ್ಬಿಣದ ಚೌಕಟ್ಟನ್ನು ಅವರೇ ವೆಲ್ಡಿಂಗ್ ಮಾಡಿದ್ದರು. ಒಳಗಿನಿಂದ ಸಣ್ಣ ಮೀಸೆಯ ಮುಖವೊಂದು ಬಂದು ಗಾಜಿಗೆ ಮೂಗು ಹಚ್ಚಿ ಹೊಸ ಬಾಡಿಗೆದಾರನನ್ನು ಪರೀಕ್ಷಿಸಿತು. ನಾನು ಪಾಸಾದೆನೋ ಇಲ್ಲವೋ ತಿಳಿಯದು, ಕೀಲಿಯಂತೂ ಸಿಕ್ಕಿತು.

ಗೌಡ್ರ ಪೂರ್ವಾಶ್ರಮದ ಕತೆ ಹೇಳಲೇಬೇಕು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರಿಗೆ ಯಾರೋ ವಾಸ್ತು ಪಂಡಿತರು, ಈಶಾನ್ಯಕ್ಕೆ ಶಾರ್ಕ್ ಮೀನು ಇಟ್ಟರೆ ಗಿರಾಕಿಗೆ ಬರವಿಲ್ಲ ಎಂದಿದ್ದರು. ಬೆರಳುದ್ದದ ಮರಿ, ಎರಡಡಿಯ ಪೆಟ್ಟಿಗೆ. ಶಾರ್ಕ್ ಎಂದು ಮಾರುತ್ತಿದ್ದ ಆ ಮೀನು ಅಸಲಿಗೆ ಹೊಳೆಯ ಕ್ಯಾಟ್‌ಫಿಶ್, ಮೀಸೆ ಇರುವ ಜಾತಿ, ಬೆಳೆದರೆ ಮನುಷ್ಯನ ಸೊಂಟ ಮುಟ್ಟುತ್ತದೆ. ಇದನ್ನು ಮಾರುವವರು ಹೇಳಲಿಲ್ಲ, ಕೊಳ್ಳುವವರು ಕೇಳಲಿಲ್ಲ. ವ್ಯಾಪಾರ ಬೆಳೆಯಲಿಲ್ಲ, ಮೀನು ಬೆಳೆಯಿತು. ಪೆಟ್ಟಿಗೆ ಸಾಲದೆ ಅದರ ಬೆನ್ನು ಬಾಗಿತು. ಕೊಂದರೆ ಪಾಪ, ಇಟ್ಟುಕೊಂಡರೆ ತಾಪತ್ರಯ. ಇಂಥ ಹೊತ್ತಿನಲ್ಲಿ ದಯಾವಂತರೆಲ್ಲ ಮಾಡುವುದನ್ನೇ ಸಾಹುಕಾರರೂ ಮಾಡಿದರು, ಪಾಪ ಹೊರಲು ಇನ್ನೊಬ್ಬರನ್ನು ಹುಡುಕಿದರು. ಅಂಗಡಿಯ ಶಟರ್ ರಿಪೇರಿಗೆ ಹೋಗಿದ್ದ ಕಾಕಾ ಮೀನನ್ನು ತೊಯ್ದ ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಮನೆಗೆ ತಂದರು.

ಮೀನಿಗೆ ಆಸರೆ ಕೊಡುವವರೆಂದು ಒಮ್ಮೆ ಹೆಸರು ಬಿದ್ದ ಮೇಲೆ ಕೇಳಬೇಕೆ? ಊರಿನಲ್ಲಿ ಯಾರ ಮನೆಯ ಮೀನು ಪೆಟ್ಟಿಗೆ ಮೀರಿ ಬೆಳೆದರೂ ಕಾಕಾನ ಬಾಗಿಲಿಗೆ ಬರುತ್ತಿತ್ತು. ಡಾಕ್ಟರೊಬ್ಬರ ದವಾಖಾನೆಯಿಂದ ತಟ್ಟೆಯಗಲದ ಮೀನೊಂದು ಬಂತು, ಅದಕ್ಕೆ ಕಂಪೌಂಡರ್ ಎಂದು ಹೆಸರಾಯಿತು. ಹಳೆಯ ಬಾವಿ ಮುಚ್ಚುವಾಗ ಸಿಕ್ಕಿದ ಕರಿಯ ಮೀಸೆ ಮೀನು ಜೊತೆಯವರನ್ನೇ ನುಂಗುವ ಸ್ವಭಾವದ್ದು, ಹೀಗಾಗಿ ಅದಕ್ಕೆ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಏಕಾಂತವಾಸ. ಕಾಕಾನ ಹೆಂಡತಿ ನೀಲಮ್ಮ ಕಾಕು ಶುದ್ಧ ಶಿವಭಕ್ತೆ. ಮೀನಿನ ಊಟದ ಬಗ್ಗೆ ಅವರ ನಿಲುವು ಖಚಿತವಾಗಿತ್ತು. "ನಮ್ಮ ಮನ್ಯಾಗ ಇರೋರು ನಮ್ಮಂಗ ಉಣ್ಣಬೇಕು." ಗೌಡ್ರು ಜೋಳದ ರೊಟ್ಟಿ, ನೆನೆಸಿದ ಕಡಲೆ, ಬೇಯಿಸಿದ ಬಟಾಣಿ ತಿಂದುಕೊಂಡು ಯಾವ ತಕರಾರೂ ಇಲ್ಲದೆ ಸಸ್ಯಾಹಾರಿಯಾದರು. ಸೋಮವಾರ ಸೋಮವಾರ ತೊಟ್ಟಿಯ ಗಾಜಿಗೆ ಮೂರು ಬೆರಳಿನ ವಿಭೂತಿಯೂ ಬೀಳುತ್ತಿತ್ತು.

ಇದೆಲ್ಲ ನೋಡಲು ಚೆಂದವೇ. ಆದರೆ ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ, ಮಂದಿ ಚಮಚೆಯನ್ನೂ ಬಿಡದೆ ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಟ್ಟುಕೊಳ್ಳುವ ಊರಿನಲ್ಲಿ, ಮೀನಿಗೆ ಮೊದಲ ನೀರು ಎಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? "ಮನಷ್ಯಾರಿಗೆ ಕೊಡ ನೀರಿಲ್ಲ, ಮೀನಕ್ಕ ಕೆರಿ!" ಎಂದು ಓಣಿಯ ಕಟ್ಟೆಯ ಮೇಲೆ ಗೊಣಗುವವರ ಪಕ್ಷವೊಂದಿತ್ತು. ಅದರ ಸ್ವಘೋಷಿತ ಅಧ್ಯಕ್ಷ ನಾನೇ. ಕಾಕಾ ನಲ್ಲಿಯ ನೀರನ್ನು ನೇರವಾಗಿ ತೊಟ್ಟಿಗೆ ಬಿಡುತ್ತಿರಲಿಲ್ಲ. ಡ್ರಮ್ಮುಗಳಲ್ಲಿ ತುಂಬಿ, ಬಾಯಿ ತೆರೆದಿಟ್ಟು, ಎರಡು ದಿನ ಬಿಟ್ಟು ಹಾಕುತ್ತಿದ್ದರು. "ನೀರಿಗೂ ಎರಡು ದಿನ ಉಪವಾಸ" ಎಂದು ನಾನು ಕಟ್ಟೆಯ ಮೇಲೆ ನಗಿಸುತ್ತಿದ್ದೆ. ಅವರು ಕಾರಣ ಹೇಳಲು ಬಂದಾಗಲೆಲ್ಲ ನನಗೆ ಬ್ಯಾಂಕಿಗೆ ತಡವಾಗುತ್ತಿತ್ತು.

ಮೂರನೆಯ ವರ್ಷದ ಬೇಸಿಗೆ. ನನ್ನ ಹೆಂಡತಿಗೆ ಏಳು ತಿಂಗಳು. ರವಿವಾರ ಮಡಿಲು ತುಂಬುವ ಕುಬಸದ ಕಾರ್ಯ. ಅವಳ ತವರಿನವರು ಗದಗಿನಿಂದ ಒಂದು ಟೆಂಪೋ ತುಂಬ ಬರುವವರಿದ್ದರು. ಆ ಸಲವೇ ಊರಿನ ದೊಡ್ಡ ಪೈಪು ಒಡೆದು ಹದಿನೈದು ದಿನ ನೀರಿಲ್ಲ. ಓಣಿಯ ಬೋರಿಂಗಿನ ಹಿಡಿಕೆ ಮುರಿದು ತಿಂಗಳಾಗಿತ್ತು. ಕಾಕಾನ ಡ್ರಮ್ಮುಗಳೂ ಖಾಲಿ. ತೊಟ್ಟಿಯ ನೀರು ಮುಕ್ಕಾಲಿಗೆ ಇಳಿದಿತ್ತು. ಶುಕ್ರವಾರ ಕಾಕಾ ಮತ್ತು ಕಾಕು ಸುಳ್ಳ ಎಂಬ ಹಳ್ಳಿಯಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಹೊರಟರು. ಕೀಲಿ ನನ್ನ ಕೈಗೆ ಬಂತು.

"ಎರಡು ಹೊತ್ತು ರೊಟ್ಟಿ ಚೂರು ಹಾಕ್ರಿ, ಸಾಕು. ಮತ್ತ ಏನೂ ಮಾಡಬ್ಯಾಡ್ರಿ. ರವಿವಾರ ಮಧ್ಯಾಹ್ನಕ್ಕ ಕುಬಸಕ್ಕ ಬರತೇವಿ" ಎಂದರು ಕಾಕಾ. ಹೋಗುವ ಮುಂಚೆ ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದರು. ಫಿಟ್ಟರನ ಚಾಳಿ.

ರವಿವಾರ ಬೆಳಿಗ್ಗೆ ನಾನು ಪಡಸಾಲೆಯ ಬೀಗ ತೆಗೆದು, ತೊಟ್ಟಿಗೆ ರಬ್ಬರ್ ಪೈಪು ಇಳಿಬಿಟ್ಟು, ಬಾಯಿಯಿಂದ ಎಳೆದು, ನಮ್ಮ ದೊಡ್ಡ ಡ್ರಮ್ಮು ಮತ್ತು ಹತ್ತು ಕೊಡ ತುಂಬಿಕೊಂಡೆ.

"ನಮ್ಮಪ್ಪಗ ಮೀನಿನ ನೀರಾಗ ಕಾಲು ತೊಳಸ್ತೀರೇನ್ರಿ?" ಎಂದಳು ಹೆಂಡತಿ.

"ಮತ್ತೇನು ಪನ್ನೀರು ತರಲೇನು?" ಎಂದೆ.

ಮಾವನವರು ಕಾಲು ತೊಳೆದು, ಮುಖವನ್ನೂ ತೊಳೆದು, "ಹುಬ್ಬಳ್ಳ್ಯಾಗ ನೀರಿಲ್ಲ ಅಂತಾರ, ಎಷ್ಟ ತಂಪ ನೀರು ನೋಡ್ರಿ" ಎಂದು ಮೆಚ್ಚಿದರು. ಗೌಡ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ಯಾರಿಂದ ಸಿಗಬೇಕು? ಕುಬಸ ಸಾಂಗವಾಗಿ ನಡೆಯಿತು. ನೀಲಮ್ಮ ಕಾಕು ಹೇಳಿದ ಸಮಯಕ್ಕೆ ಬಂದು ಆರತಿಯ ಹಾಡು ಹೇಳಿದರು.

ಆ ಸಂಜೆ ಕೆಳಗೆ ಹೋದವನು ಬಾಗಿಲಲ್ಲೇ ನಿಂತೆ. ನೀರು ಚಾಕ್‌ಪೀಸಿನ ಗೆರೆಗಿಂತ ಬಹಳ ಕೆಳಗೆ, ಅರ್ಧಕ್ಕೆ ಬಂದಿತ್ತು. ಕಾಕಾ ನೆಲದ ಮೇಲೆ ಕೂತು ತೊಟ್ಟಿಯ ಒಂದೊಂದು ಸಂದಿಗೂ ಬೆರಳಾಡಿಸುತ್ತಿದ್ದರು. ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿದ್ದರು. "ನನ್ನ ಕೆಲಸ ಎಂದೂ ಸೋರಿಲ್ರಿ ಸಾಹೇಬ್ರ. ವಯಸ್ಸಾತು, ಕೈ ಕೆಟ್ಟಾವ" ಎಂದರು. ಕಳ್ಳ ಎದುರಿಗೇ ನಿಂತಿದ್ದ. ಅವರು ತಮ್ಮ ಕೈಯನ್ನು ಅನುಮಾನಿಸುತ್ತಿದ್ದರು. ನನಗೆ ನಾಚಿಕೆಯಾಯಿತು. ಬಾಯಿ ಬಿಡುವಷ್ಟು ಮಾತ್ರ ಆಗಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಸಂದಿ ಮುಚ್ಚುವ ಗೋಂದು ತರಲು ಪೇಟೆಗೆ ಹೋದಾಗ ನೀರು ಬಂತು. ಓಣಿಯೆಲ್ಲ ಕೊಡಗಳ ಸಪ್ಪಳ. ನಾನು ಒಂದು ಮಹಾತ್ಯಾಗ ಮಾಡಿದೆ. ನಮ್ಮ ಕೊಡಗಳನ್ನು ಬದಿಗಿಟ್ಟು, ನಮ್ಮ ಪಾಲಿನ ನೀರಿನ ಪೈಪನ್ನು ನೇರವಾಗಿ ಗೌಡ್ರ ತೊಟ್ಟಿಗೆ ಬಿಟ್ಟೆ. ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದ ಕಾಕುಗೆ ಇದು ಕಾಣಲಿಲ್ಲ. ನೀರಿಗೆ ಮೂಗಿಗೆ ಬಡಿಯುವ ಘಾಟಿತ್ತು. ರಿಪೇರಿ ಆದ ಮೇಲೆ ಸ್ವಚ್ಛ ಮಾಡಿ ಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಚಾಕ್‌ಪೀಸಿನ ಗೆರೆ ಮುಳುಗುವವರೆಗೆ ತುಂಬಿ, ಎದೆಯ ಭಾರ ಇಳಿಸಿಕೊಂಡು ನಿಂತೆ.

ಕಾಕಾ ಬರುವಷ್ಟರಲ್ಲಿ ಕಂಪೌಂಡರ್ ಒಂದು ಮಗ್ಗುಲಿಗೆ ವಾಲಿತ್ತು. ಗೌಡ್ರು ನೀರಿನ ಮೇಲೆ ಬಾಯಿ ತಂದು ತೆರೆದು ಮುಚ್ಚುತ್ತಿದ್ದರು. ಕಾಕಾ ನೀರಿಗೆ ಬೆರಳು ಅದ್ದಿ ಮೂಸಿದರು.

"ನಳದ ನೀರು ಸೀದಾ ಬಿಟ್ರೇನ್ರಿ?"

"ಹೌದ್ರಿ ಕಾಕಾ. ನಮ್ಮ ಪಾಲಿಂದು."

"ಲಗೂ ಫೋಟೋ ಸ್ಟುಡಿಯೋಕ್ಕ ಹೋಗ್ರಿ. ಹೈಪೊ ಕೇಳ್ರಿ, ಫೋಟೋ ತೊಳಿಯೂ ಹರಳು. ಬ್ಲೀಚಿಂಗ್ ಮುರಿಯೂದು ಅದೊಂದ."

ಡ್ರಮ್ಮಿನ ಉಪವಾಸ ಏತಕ್ಕೆಂದು ಆಗ ತಿಳಿಯಿತು. ಘಾಟು ಹಾರಿಹೋಗಲೆಂದು. ಸ್ಕೂಟರ್ ಹತ್ತಿ ಓಡಿದೆ. ಮೊದಲ ಸ್ಟುಡಿಯೋ ತೆರೆದಿರಲಿಲ್ಲ. ಎರಡನೆಯವನು, "ಈಗ ಎಲ್ಲಾ ಕಲರ್ ಅದಾವ್ರಿ, ಲ್ಯಾಬಿಗೆ ಕಳಸ್ತೇವಿ" ಎಂದ. ಮೂರನೆಯ ಅಂಗಡಿಯ ಮುದುಕರು ಡ್ರಾವರಿನ ಮೂಲೆಯಿಂದ ಒಂದು ಹಳೆಯ ಪೊಟ್ಟಣ ತೆಗೆದುಕೊಟ್ಟರು. ನಾನು ತಿರುಗಿ ಬಂದಾಗ ಕಾಕಾ ಧೋತರ ಎತ್ತಿಕಟ್ಟಿ ತೊಟ್ಟಿಯೊಳಗೇ ಇಳಿದಿದ್ದರು. ಬಾಗಿದ ಬೆನ್ನಿನ ಗೌಡ್ರನ್ನು ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದರು. ಹರಳು ಕರಗಿಸಿ ಹಾಕಿದೆವು. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು. ಗೌಡ್ರೂ ಹೋದರು.

ಓಣಿಯ ಮಂದಿ ಬಾಗಿಲಲ್ಲಿ ಸೇರಿದ್ದರು. ಈಗ ಬೈಗುಳ ಬೀಳುತ್ತವೆ ಎಂದು ನಾನೂ ಅವರೂ ಕಾಯುತ್ತಿದ್ದೆವು. ಬೈದಿದ್ದರೆ ಚೆನ್ನಾಗಿತ್ತು. ಕಾಕಾ ಒದ್ದೆ ಬಟ್ಟೆಯಲ್ಲೇ ನಿಂತು ಹೇಳಿದರು: "ಹದಿನೈದು ದಿನಕ್ಕ ಬಂದ ನೀರು. ಮನ್ಯಾಗ ಬಸುರಿ ಹೆಂಡ್ತಿ ಇದ್ರೂ ತನ್ನ ಪಾಲು ಮೀನಕ್ಕ ಕೊಟ್ಟಾನ. ಇಂಥಾಂವಗ ಬೈದ್ರ ನನ್ನ ಬಾಯಾಗ ಹುಳಾ ಬೀಳತಾವ."

ಕೊಟ್ಟದ್ದಲ್ಲ ಕಾಕಾ, ಕದ್ದದ್ದನ್ನು ತಿರುಗಿ ತುಂಬಿದ್ದು. ಅಲ್ಲೇ ಹೇಳಬೇಕಾಗಿದ್ದ ಮಾತು ಇಷ್ಟೇ. ಹೇಳಲಿಲ್ಲ.

ಗೌಡ್ರು, ಕಂಪೌಂಡರ್ ಇಬ್ಬರನ್ನೂ ಹಿತ್ತಲಿನಲ್ಲಿ ಮನುಷ್ಯರನ್ನು ಹೂಳುವ ಹಾಗೆಯೇ ಹೂಳಿದರು. ಕಾಕು ಗೌಡ್ರ ತಲೆಗೆ ವಿಭೂತಿ ಹಚ್ಚಿದರು. ನಮ್ಮ ಕಟ್ಟೆಪಕ್ಷದ ಸದಸ್ಯನೊಬ್ಬ, "ಮಾರ್ಕೆಟ್ಟಿಗೆ ಒಯ್ದಿದ್ರ ಛಲೋ ರೇಟ್ ಬರ್ತಿತ್ತು" ಎಂದ. ಕಾಕು ನೋಡಿದ ನೋಟಕ್ಕೆ ಅವನು ಗುದ್ದಲಿ ತೆಗೆದುಕೊಂಡು ತಾನೇ ಮಣ್ಣು ಎಳೆದ.

ಎಂಟು ದಿನ ಬಿಟ್ಟು ನೀರು ಬಂತು. ಕೆಳಗಿನಿಂದ ಕಾಕಾ ಕೂಗಿದರು. "ಸಾಹೇಬ್ರ, ಮೊದಲ ನೀವು ತುಂಬ್ಕೋರಿ."

ಮೂರು ವರ್ಷ ನಾನು ಕಟ್ಟೆಯ ಮೇಲೆ ಕೂತು ಚಳವಳಿ ಮಾಡಿದ್ದು ಇದಕ್ಕೇ. ಕೊಡ ತೆಗೆದುಕೊಂಡು ಇಳಿದೆ, ಎರಡು ತುಂಬಿದೆ, ಮೂರನೆಯದಕ್ಕೆ ಅಲ್ಲಿ ನಿಲ್ಲಲಾಗಲಿಲ್ಲ. ವರ್ಷದೊಳಗೆ ವರ್ಗ ಮಾಡಿಸಿಕೊಂಡು ಧಾರವಾಡಕ್ಕೆ ಬಂದುಬಿಟ್ಟೆ. ಆ ಓಣಿಯವರು ಇಂದಿಗೂ ಮದುವೆ ಮುಂಜಿಯಲ್ಲಿ ಸಿಕ್ಕರೆ, "ತನ್ನ ಪಾಲಿನ ನೀರು ಮೀನಕ್ಕ ಕೊಟ್ಟ ಸಾಹೇಬ್ರು ಇವರ" ಎಂದು ಪರಿಚಯ ಮಾಡಿಕೊಡುತ್ತಾರೆ. ನಾನು ಕೈ ಮುಗಿಯುತ್ತೇನೆ. ವಿನಯ ಎಂದು ಅವರು ತಿಳಿಯುತ್ತಾರೆ. ಕಾಕಾ ತೀರಿಕೊಂಡಾಗಲೂ ಹೋಗಿ, ಮಾಲೆ ಹಾಕಿ, ಇದೇ ವಿನಯದಿಂದ ಬಂದೆ.

ಕಳೆದ ರವಿವಾರ ಆ ಘಾಟಿನ ನೀರಿಗೆ ಸ್ನಾನ ಮಾಡಿದವನಿಗೆ ಮಧ್ಯಾಹ್ನದವರೆಗೂ ಮೈಯಿಂದ ವಾಸನೆ ಬಿಡಲಿಲ್ಲ. ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ನೀಲಮ್ಮ ಕಾಕು ಪಡಸಾಲೆಯಲ್ಲಿ ಕೌದಿ ಮಡಚುತ್ತಿದ್ದರು. ಗಾಜಿನ ತೊಟ್ಟಿ ಈಗ ಹಾಸಿಗೆಗಳ ಕಪಾಟಾಗಿದೆ. ಕೂತವನೇ ಎಲ್ಲವನ್ನೂ ಹೇಳಿದೆ. ರಬ್ಬರ್ ಪೈಪು, ಮಾವನವರ ಕಾಲು, ಕಾಕಾ ಹುಡುಕಿದ ಸೋರಿಕೆ, ಯಾವುದನ್ನೂ ಬಿಡಲಿಲ್ಲ. ಕಾಕು ಕೌದಿ ಮಡಚುವುದನ್ನು ನಿಲ್ಲಿಸಿದರು.

"ಅಯ್ಯ, ನಾವು ಸುಳ್ಳಕ್ಕ ಹೋಗೂ ಮುಂದ ಒಂದ ಮಾತು ಕೇಳಬಾರದಾಗಿತ್ತೇನ್ರಿ?" ಎಂದರು. "ಕೇಳಿದ್ರ ನಿಮ್ಮ ಕಾಕಾನೇ ಕೊಡ ಹೊತ್ತು ಮ್ಯಾಲ ತಂದು ಕೊಡ್ತಿದ್ರಲ್ಲ."

ಗೌಡ್ರಿಗೆ ಮೊದಲು, ಆಮೇಲೆ ನಿಮಗೆ, ಉಳಿದರೆ ನಮಗೆ ಎಂದ ಮನುಷ್ಯ ಅವರು. ಅವರ ಮೇಲಿನ ದೂರನ್ನು ನಾನು ಓಣಿಯ ಪ್ರತಿ ಬಾಗಿಲಿಗೂ ಒಯ್ದಿದ್ದೆ. ಅವರ ಬಾಗಿಲಿಗೆ ಮಾತ್ರ ಒಯ್ದು ಕೇಳಿರಲಿಲ್ಲ.

"ಕಾಕು, ಕುಡಿಲಿಕ್ಕೆ ಒಂದೀಟು ನೀರು ಕೊಡ್ರಿ" ಎಂದೆ. ಆ ಮನೆಯಲ್ಲಿ ನಾನು ಬಾಯಿಬಿಟ್ಟು ನೀರು ಕೇಳಿದ್ದು ಅದೇ ಮೊದಲು.