ಒಲೆಗೆ ಹಾಕು ಎಂದಿದ್ದ ಕಣ್ಣಿನ ಕಾಗದ

ನಮ್ಮ ಕಡೆ ಹುಡುಗಿಗೆ ಕನ್ನಡಕ ಬಂತೆಂದರೆ ಅದನ್ನು ಯಾರೂ ಕಣ್ಣಿನ ತೊಂದರೆ ಎಂದುಕೊಳ್ಳುವುದಿಲ್ಲ, ನಡತೆಯ ತೊಂದರೆ ಎಂದುಕೊಳ್ಳುತ್ತಾರೆ. ಟಿವಿಗೆ ಮೂತಿ ಹಚ್ಚಿ ಕೂತಳು, ಸೊಪ್ಪು ತಿನ್ನಲಿಲ್ಲ, ಮಲಗಿಕೊಂಡು ಓದಿದಳು. ನನಗೆ ಮೂರನೇ ಕ್ಲಾಸಿನಲ್ಲಿ ಕನ್ನಡಕ ಬಂದಾಗ ನಮ್ಮ ಮನೆಯ ಟಿವಿ ಕೆಟ್ಟು ವರ್ಷವಾಗಿತ್ತು. ಸೊಪ್ಪಿನ ಸಾರು ವಾರಕ್ಕೆ ನಾಲ್ಕು ದಿನ ಇರುತ್ತಿತ್ತು. ಮಲಗಿಕೊಂಡು ಓದುವುದಿರಲಿ, ಕೂತು ಓದಲಿಕ್ಕೂ ಪುರುಸೊತ್ತು ಕೊಡುತ್ತಿರಲಿಲ್ಲ. ಆದರೂ ತಪ್ಪು ನನ್ನದೇ ಎಂದು ಬಂದವರೆಲ್ಲ ತೀರ್ಪು ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದರು.

ನಮ್ಮದು ಕೋಲಾರದ ಹತ್ತಿರ ಹುತ್ತೂರಿನ ಕಡೆ. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವವರು. ಹುಳದ ಮನೆಯೊಳಗೆ ಹೋದರೆ ಸೆಕೆಗೆ ಕನ್ನಡಕ ಮಂಜಾಗುತ್ತದೆ. ಹುಳ ಪೊರೆ ಕಳಚುವ ಕಾಲಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಆ ಪುಡಿ ಹಾರಿ ಕಣ್ಣು ತುರಿಸುತ್ತದೆ. ಕೈಗೆ ಸುಣ್ಣ ಮೆತ್ತಿರುತ್ತದೆಂದು ಕನ್ನಡಕವನ್ನು ಹಣೆಗೆ ಏರಿಸಿ ತೋಳಿನಿಂದ ಗಸಗಸ ಉಜ್ಜಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಶಾಲೆಯಲ್ಲಿ ಸೋಡಾಬುಡ್ಡಿ ಎಂದು ಕರೆಸಿಕೊಂಡೆ, ಕಾಲೇಜಿನಲ್ಲೂ ಅದೇ. ಹುಡುಗರ ಬುದ್ಧಿ ಹದಿಮೂರು ವರ್ಷಕ್ಕೆ ಒಂದು ಹೊಸ ಅಡ್ಡಹೆಸರನ್ನೂ ಹುಟ್ಟಿಸಲಿಲ್ಲ.

ಡಿಗ್ರಿ ಮುಗಿಸಿ ವೇಮಗಲ್‌ನ ಒಂದು ಕಾರ್ಖಾನೆ ಸೇರಿದೆ. ಸಣ್ಣ ಸಣ್ಣ ಬಿಡಿಭಾಗಗಳಲ್ಲಿ ಗೀರು ಬಿದ್ದಿದೆಯೇ, ಅಂಚು ಮುಕ್ಕಾಗಿದೆಯೇ ಎಂದು ನೋಡಿ ಆರಿಸುವ ಕೆಲಸ. ಇದೇ ಸೋಡಾಬುಡ್ಡಿ ಹಾಕಿಕೊಂಡು, ಒಳ್ಳೆಯ ಕಣ್ಣಿನವರು ದಾಟಿಸಿಬಿಟ್ಟ ಗೀರುಗಳನ್ನು ನಾನು ಹಿಡಿಯುತ್ತಿದ್ದೆ. ಅನ್ನ ಕೊಡುತ್ತಿದ್ದದ್ದು ಆ ಕಣ್ಣುಗಳೇ. ಅದು ಗೊತ್ತಿದ್ದೂ ನನಗೆ ಲೇಸರ್ ಹುಚ್ಚು ಹಿಡಿಯಿತು.

ಹಿಡಿಸಿದವಳು ಮಾಲೂರಿನ ಚಿಕ್ಕಮ್ಮನ ಮಗಳು. ಅವಳಿಗೆ ಇದ್ದದ್ದು ಸಣ್ಣ ನಂಬರು. ಲೇಸರ್ ಮಾಡಿಸಿಕೊಂಡು ಬಂದವಳು ತಿರುಪತಿಗೆ ಹೋಗಿ ಬಂದವರ ಗತ್ತಿನಲ್ಲಿ ಊರೆಲ್ಲ ಸುತ್ತಿದಳು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಹತ್ತೇ ನಿಮಿಷ ಕಣೇ! ನೋವೇ ಇಲ್ಲ. ಬೆಳಿಗ್ಗೆ ಎದ್ರೆ ಗೋಡೆ ಗಡಿಯಾರ ಫಳಫಳ ಅಂತೈತೆ." ಲೇಸರ್ ಅಂದರೆ ಏನು ಮಾಡುತ್ತಾರೆ ಎಂದು ಕೇಳಿದರೆ, "ಅದೇ, ಲೈಟ್ ಬಿಟ್ಟು ನಂಬರ್ ಅಳಿಸಿಬಿಡ್ತಾರೆ," ಎಂದಳು. ತನ್ನ ಕಣ್ಣಿಗೆ ಏನು ಮಾಡಿದರೆಂದು ತಿಳಿಯದವಳು ನನಗೆ ಗುರುವಾದಳು. ನಾನೂ ಶಿಷ್ಯೆಯಾದೆ, ಯಾರನ್ನು ಬೈಯಲಿ?

ರಜೆ ಹಾಕಿ, ಅಪ್ಪನನ್ನು ಜೊತೆಗೆ ಕರೆದುಕೊಂಡು ಕೋಲಾರದ ಒಬ್ಬ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಯಂತ್ರಕ್ಕೆ ಗಲ್ಲ ಆನಿಸಿ ಕೂರಿಸಿ, ಎರಡೂ ಕಣ್ಣಿನ ಸ್ಕ್ಯಾನ್ ಮಾಡಿದರು. ಬಣ್ಣಬಣ್ಣದ ವೃತ್ತಗಳಿದ್ದ ಒಂದು ಕಾಗದ ಹೊರಗೆ ಬಂತು. ಅದನ್ನು ಬಹಳ ಹೊತ್ತು ನೋಡಿದ ಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಲೇಸರ್ ಬಗ್ಗೆ ನನಗೆ ಯಾರಾದರೂ ನೆಟ್ಟಗೆ ತಿಳಿಸಿ ಹೇಳಿದ್ದು ಅದೇ ಮೊದಲು.

"ಕಣ್ಣಿನ ಮುಂದುಗಡೆ ಗಾಜಿನಂಥ ಒಂದು ಪದರ ಇರುತ್ತಲ್ಲಮ್ಮ, ಕಾರ್ನಿಯಾ ಅಂತ. ಲೇಸರ್‌ನಲ್ಲಿ ಅದನ್ನೇ ಸ್ವಲ್ಪ ಕೆತ್ತಿ ಆಕಾರ ಬದಲಾಯಿಸ್ತೀವಿ, ಬೆಳಕು ಒಳಗೆ ಸರಿಯಾದ ಜಾಗಕ್ಕೆ ಬೀಳಲಿ ಅಂತ. ನಂಬರ್ ಜಾಸ್ತಿ ಇದ್ರೆ ಕೆತ್ತೋದೂ ಜಾಸ್ತಿ. ನಿನ್ನದು ಮೊದಲೇ ತೆಳ್ಳಗಿದೆ. ಅದರಲ್ಲೂ ಕೆತ್ತಿದ್ರೆ ಉಳಿದಿದ್ದು ಒಳಗಿನ ಒತ್ತಡ ತಡೀದೆ ಮುಂದಕ್ಕೆ ಉಬ್ಬಬಹುದು. ಆಮೇಲೆ ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣಲ್ಲ. ನಿಂಗೆ ಲೇಸರ್ ಬೇಡ."

ಕಾಗದವನ್ನು ಅಪ್ಪನ ಕೈಗೆ ಕೊಟ್ಟು, "ಇದನ್ನ ಜೋಪಾನವಾಗಿ ಇಟ್ಕೊಳ್ಳಿ. ಮುಂದೆ ಎಲ್ಲಿ ತೋರಿಸಿದ್ರೂ ಇದನ್ನೂ ತೋರಿಸಿ," ಎಂದರು.

ನನಗೆ ಅವಮಾನವಾಯಿತು. ಮಾಲೂರಿನವಳಿಗೆ ಆಗುವುದು ನನಗೇಕೆ ಆಗಬಾರದು? ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ: "ಆ ಕಾಗದ ಒಲೆಗೆ ಹಾಕು." ಅಪ್ಪ ಕಾಗದ ಹಿಡಿದು ಅಡುಗೆಮನೆ ಕಡೆ ಹೋದರು. ಹಾಕಿರಬೇಕೆಂದು ಸುಮ್ಮನಾದೆ.

ಅಮ್ಮನಿಗೆ ವಿಷಯ ತಿಳಿಸಿದ್ದು ಅಪ್ಪ, ತಮಗೆ ಗೊತ್ತಿದ್ದ ಭಾಷೆಯಲ್ಲಿ. "ಕಣ್ಣಿನ ಮೇಲಿನ ಪೊರೆ ತೆಳ್ಳಗೈತಂತೆ. ತೆಳು ಗೂಡು ಇರಲ್ವಾ, ಹಂಗೆ." ಅಷ್ಟು ಸಾಕಾಯಿತು ಅಮ್ಮನಿಗೆ. ರೇಷ್ಮೆ ಗೂಡು ತೆಳ್ಳಗಾಯಿತೆಂದರೆ ಹುಳಕ್ಕೆ ಕೊನೆಯ ಜ್ವರ ಎದ್ದ ಮೇಲೆ ಹೊಟ್ಟೆ ತುಂಬ ಸೊಪ್ಪು ಬೀಳಲಿಲ್ಲ ಎಂದರ್ಥ, ಇದು ನಮ್ಮ ಊರಿನ ಕೂಸಿಗೂ ಗೊತ್ತು. ಹಾಗಾದರೆ ಮಗಳ ಕಣ್ಣೂ ತಿನ್ನಿಸುವುದು ಸಾಲದೆ ತೆಳ್ಳಗಾಗಿದೆ! ಮರುದಿನದಿಂದ ಶುರುವಾಯಿತು. ನುಗ್ಗೆಸೊಪ್ಪಿನ ಪಲ್ಯ, ನುಗ್ಗೆಸೊಪ್ಪಿನ ಸಾರು, ರಾಗಿಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪ. ಬೆಳಿಗ್ಗೆ ನೆನೆಸಿದ ಬಾದಾಮಿ, ಸಂಜೆ ಹಾಲು. ಹುಳಕ್ಕೆ ಸೊಪ್ಪು ಹಾಕುವ ವೇಳೆಗೆ ಸರಿಯಾಗಿ ನನಗೂ ಹಾಕುತ್ತಿದ್ದರು.

ಅಪ್ಪ ಒಂದು ದಿನ ಅಂದರು: "ಲೇ, ಗೂಡು ಕಟ್ಟಿ ಮುಗಿಸಿದ ಮೇಲೆ ಸೊಪ್ಪು ಹಾಕಿದ್ರೆ ದಪ್ಪ ಆಯ್ತದೇನೇ?"

"ನಿಮಗೇನ್ ಗೊತ್ತು, ಸುಮ್ಕಿರ್ರಿ," ಎಂದರು ಅಮ್ಮ.

ನಾನು ಇಬ್ಬರನ್ನೂ ನೋಡಿ ನಕ್ಕೆ. ಒಬ್ಬರು ಕಣ್ಣಿಗೆ ಮೇವು ಹಾಕುತ್ತಾರೆ, ಇನ್ನೊಬ್ಬರು ಕಣ್ಣನ್ನು ಗೂಡು ಅನ್ನುತ್ತಾರೆ. ಇಂಥ ಮನೆಯಲ್ಲಿ ಓದಿದವಳು ನಾನೊಬ್ಬಳೇ ಎಂಬ ಜಂಬ ನನಗೆ. ಎಂಟು ತಿಂಗಳಲ್ಲಿ ನನ್ನ ಸೊಂಟ ದಪ್ಪವಾಯಿತು, ಕೆನ್ನೆ ದಪ್ಪವಾಯಿತು. ಕಾರ್ಖಾನೆಯ ಅಂಗಿ ಹೊಸದಾಗಿ ತೆಗೆದುಕೊಳ್ಳಬೇಕಾಯಿತು.

ಆಗಲೇ ಮುಳಬಾಗಿಲು ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ನೋಡುವುದು ಕುರುಡುಮಲೆಯ ಗಣೇಶನ ಗುಡಿಯಲ್ಲಿ ಎಂದಾಯಿತು. ಮನೆಗೆ ಬಂದು ನೋಡಿ ಬೇಡವೆಂದರೆ ಊರಿಗೆ ಗೊತ್ತಾಗುತ್ತದೆ, ಗುಡಿಯಲ್ಲಾದರೆ ದರ್ಶನಕ್ಕೆ ಬಂದಿದ್ದೆವು ಎನ್ನಬಹುದು. ನಮ್ಮವರ ಮರ್ಯಾದೆಗೆ ದೇವರೂ ದುಡಿಯಬೇಕು. ಗುಡಿಯ ಮೆಟ್ಟಿಲ ಬಳಿ ಅಮ್ಮ ನನ್ನ ಕನ್ನಡಕ ಕಿತ್ತುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ನನಗೆ ಸರಿಯಾಗಿ ಕಂಡದ್ದು ಗಣೇಶನೊಬ್ಬನೇ. ಎರಡಾಳೆತ್ತರದ ಮೂರ್ತಿಯಾದ್ದರಿಂದ ಕಂಡ. ಮಿಕ್ಕವರೆಲ್ಲ ಬಣ್ಣದ ಮಸುಕು. ಹುಡುಗನ ತಂದೆಗೆ ನಮಸ್ಕಾರ ಮಾಡು ಎಂದು ಅಮ್ಮ ತಿವಿದರು. ಬಿಳಿ ಅಂಗಿಯ ಒಬ್ಬರ ಕಾಲಿಗೆ ಭಕ್ತಿಯಿಂದ ಬಿದ್ದೆ. ಅವರು ಹೌಹಾರಿ ಹಿಂದೆ ಸರಿದರು. "ಅಯ್ಯೋ ನಾನು ಕಾರ್ ಓಡ್ಸೋನಮ್ಮ!"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹುಡುಗನ ಸೋದರತ್ತೆ ಪಕ್ಕದವರಿಗೆ ತೆಲುಗಿನಲ್ಲಿ, "ಪಿಲ್ಲ ಬಾಗನೇ ಉಂದಿ, ಕಳ್ಳೇ ಲೇವು," ಎಂದರು. ಹುಡುಗಿ ಚೆನ್ನಾಗಿದ್ದಾಳೆ, ಕಣ್ಣೇ ಇಲ್ಲ ಎಂದು. ಕೋಲಾರ ಜಿಲ್ಲೆಯಲ್ಲಿ ನಿಂತು ಗುಟ್ಟಿನ ಮಾತಿಗೆ ತೆಲುಗನ್ನು ಆರಿಸಿಕೊಂಡ ಆ ಜಾಣತನಕ್ಕೆ ಏನೆನ್ನಲಿ! ಅಮ್ಮನ ತವರಿನಲ್ಲಿ ಹಸು ಕರುವನ್ನೂ ತೆಲುಗಿನಲ್ಲೇ ಮಾತಾಡಿಸುತ್ತಾರೆ. ಆಮೇಲೆ ಸೋದರತ್ತೆ ಕನ್ನಡಕ್ಕೆ ಇಳಿದರು: "ಈಗ ಲೇಸರ್ ಐತಲ್ಲ, ಲಗ್ನಕ್ಕೆ ಮುಂಚೆ ಕನ್ನಡಕ ತೆಗಿಸ್ಬಿಡಿ. ಫೋಟೋದಾಗೆ ಚೆಂದ ಇರಲ್ಲ." ಹುಡುಗ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಎಂಬಂತೆ ನಿಂತಿದ್ದನಂತೆ. ನನಗೆ ಕಾಣಲಿಲ್ಲ.

ಅಲ್ಲೇ ಬೇಡವೆಂದು ಎದ್ದು ಬರಬೇಕಿತ್ತು. ಬರಲಿಲ್ಲ. ಡ್ರೈವರನ ಕಾಲಿಗೆ ಬಿದ್ದ ನಾಚಿಕೆಯಲ್ಲಿ ನಾನು ಬೇರೆ ಆಸ್ಪತ್ರೆ ಹುಡುಕಿದೆ. ಅಮ್ಮ ಹುರುಪು ತುಂಬಿದರು: "ಎಂಟು ತಿಂಗಳು ತಿಂದಿದ್ದೀಯಲ್ಲ, ಈಗ ಗಟ್ಟಿಯಾಗಿರ್ತದೆ. ಹೋಗಿ ಮಾಡಿಸ್ಕೊ." ಅಮ್ಮನನ್ನು ನೋಡಿ ಮನಸ್ಸಿನೊಳಗೇ ನಕ್ಕೆ. ನಕ್ಕರೂ ಹೊರಟೆ. ಅಮ್ಮ ನುಗ್ಗೆಸೊಪ್ಪನ್ನು ನಂಬಿದ್ದರು, ನಾನು ಬೆಂಗಳೂರು ದಾರಿಯ ಜಾಹೀರಾತು ಹಲಗೆಯನ್ನು ನಂಬಿದ್ದೆ. ಅದರ ಮೇಲೆ ಒಬ್ಬ ಹುಡುಗಿ ತನ್ನ ಕನ್ನಡಕವನ್ನು ಆಕಾಶಕ್ಕೆ ಎಸೆದು ನಗುತ್ತಿದ್ದಳು. ಆ ಕನ್ನಡಕಕ್ಕೆ ಗಾಜೇ ಇರಲಿಲ್ಲ.

ಅಪ್ಪನನ್ನು ಕರೆದುಕೊಂಡು ಹೋದದ್ದು ಕೈ ಹಿಡಿದು ವಾಪಸ್ಸು ಕರೆತರಲು ಒಬ್ಬರು ಬೇಕೆಂದು ಬೆಂಗಳೂರಿನ ಆಸ್ಪತ್ರೆಯವರು ಹೇಳಿದ್ದರು ಅಂತ. ಬಸ್ಸಿನಲ್ಲೇ ತಾಕೀತು ಮಾಡಿದೆ: "ಅಲ್ಲಿ ನೀನು ಮಾತಾಡಬೇಡ. ಕೋಲಾರದ ಡಾಕ್ಟರ್ ವಿಷಯ ಎತ್ತಲೇಬೇಡ." ಆಯ್ತಮ್ಮ ಎಂದರು. ಪಹಣಿ, ಕರೆಂಟ್ ಬಿಲ್ಲು ಎಲ್ಲ ತುಂಬಿದ ಪ್ಲಾಸ್ಟಿಕ್ ಕವರನ್ನು ಎಲ್ಲಿಗೆ ಹೋದರೂ ಕಂಕುಳಲ್ಲಿ ಇಟ್ಟುಕೊಳ್ಳುವ ಚಾಳಿ ಅವರಿಗೆ. ಆ ಹೊಳೆಯುವ ಆಸ್ಪತ್ರೆಯ ಸೋಫಾದ ಮೇಲೆ ಆ ಕವರ್ ನೋಡಿ ನನಗೆ ಮೈಯೆಲ್ಲ ಹಿಡಿಯಾಯಿತು.

ಅಲ್ಲಿಯ ನಗುಮೊಗದ ಹುಡುಗಿಯೊಬ್ಬಳು ಶಸ್ತ್ರಚಿಕಿತ್ಸೆಯ ಬಗೆಗಳನ್ನು ಹೋಟೆಲಿನಲ್ಲಿ ದೋಸೆಯ ಬಗೆ ಹೇಳುವ ಹಾಗೆ ಒಪ್ಪಿಸಿದಳು. ಸ್ಕ್ಯಾನ್ ಆಯಿತು. ಒಳಗೆ ಡಾಕ್ಟರು ಕಾಗದ ಹಿಡಿದು ಹುಬ್ಬು ಗಂಟಿಕ್ಕಿದರು.

"ಸ್ವಲ್ಪ ಅಂಚಿನಲ್ಲಿದೆ. ಕೆತ್ತದೇ ಬೇರೆ ದಾರಿ ನೋಡಬಹುದೇನೋ, ಯೋಚಿಸೋಣ. ಹಿಂದೆ ಎಲ್ಲಾದ್ರೂ ಈ ಸ್ಕ್ಯಾನ್ ಮಾಡಿಸಿದ್ರಾ?"

"ಇಲ್ಲ ಸರ್," ಎಂದೆ.

"ನಂಬರ್ ಈಚೆಗೆ ಬದಲಾಗಿದೆಯಾ?"

"ಇಲ್ಲ ಸರ್." ಕಾರ್ಖಾನೆಯಲ್ಲಿ ಎರಡು ತಿಂಗಳಿಂದ ಬಲಗಣ್ಣಿಗೆ ಗೆರೆಗಳು ಜೋಡಿಯಾಗಿ ಕಾಣುತ್ತಿದ್ದವು. ಅದನ್ನೂ ನುಂಗಿಕೊಂಡೆ.

ಹಿಂದಿನ ಕುರ್ಚಿಯಲ್ಲಿ ಪ್ಲಾಸ್ಟಿಕ್ ಸದ್ದಾಯಿತು. ಅಪ್ಪ ಎದ್ದು ಬಂದು ಪಹಣಿಯ ನಡುವಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಬಣ್ಣಬಣ್ಣದ ವೃತ್ತಗಳು. ಮೂಲೆಯಲ್ಲಿ ಒಂದು ಒಣಗಿದ ಎಲೆಚೂರು ಅಂಟಿತ್ತು.

"ಇದೂ ಒಂದು ಐತೆ ನೋಡಿ ಸಾರ್. ಡಾಕ್ಟ್ರಮ್ಮ ಕೊಟ್ಟಿದ್ರು."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದು ವೃತ್ತದ ಮೇಲೂ ಬೆರಳಿಟ್ಟು ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಎಂಟು ತಿಂಗಳಲ್ಲಿ ಬಲಗಣ್ಣು ಬದಲಾಗಿದೆ. ಇದು ಬರೀ ತೆಳು ಅಲ್ಲಮ್ಮ, ತಾನಾಗೇ ಮುಂದಕ್ಕೆ ಉಬ್ಬೋಕೆ ಶುರುವಾಗಿದೆ. ಒಂದೇ ಕಾಗದ ನೋಡಿದ್ರೆ ಇಷ್ಟು ಖಾತ್ರಿಯಾಗಿ ಗೊತ್ತಾಗ್ತಿರಲಿಲ್ಲ. ಇದರ ಮೇಲೆ ಲೇಸರ್ ಹಾಕಿದ್ರೆ ಕಣ್ಣು ಹಾಳಾಗ್ತಿತ್ತು. ಕಣ್ಣು ಉಜ್ಜೋ ಅಭ್ಯಾಸ ಇದೆಯಾ?"

ನನಗಿಂತ ಮುಂಚೆ ಅಪ್ಪ ಹೇಳಿದರು: "ಐತೆ ಸಾರ್, ಚಿಕ್ಕ ಹುಡ್ಗಿ ಆಗಿದ್ದಾಗಿಂದ. ನಂಗೇನೂ ತಿಳಿಯಲ್ಲ. ತೆಳು ಗೂಡು ಬಿಸಿನೀರಿಗೆ ಹಾಕಿದ್ರೆ ನೂಲು ಬಿಚ್ಚೋಕೆ ಮುಂಚೆನೇ ಹರಿದೋಗ್ತದೆ, ಅದೊಂದು ಗೊತ್ತು. ಅದಕ್ಕೇ ಭಯ ಆಯ್ತು."

ಡಾಕ್ಟರು ನಗಲಿಲ್ಲ. "ಸರಿಯಾಗೇ ಗೊತ್ತಿದೆ ಬಿಡಿ," ಎಂದರು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಆ ಪದರ ಇನ್ನಷ್ಟು ಉಬ್ಬದಂತೆ ಗಟ್ಟಿ ಮಾಡುವ ಒಂದು ಚಿಕಿತ್ಸೆ ಇದೆ, ಬಲಗಣ್ಣಿಗೆ ಅದನ್ನು ಮಾಡಿದರು. ಅದು ನಂಬರ್ ತೆಗೆಯುವುದಿಲ್ಲ, ಇದ್ದ ನೋಟವನ್ನು ಉಳಿಸುತ್ತದೆ ಅಷ್ಟೇ. ಗಟ್ಟಿ ಮಾಡುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಗೆದ್ದವರಂತೆ ಊರಿಗೆಲ್ಲ ಸಾರಿದರು: "ನಾನು ಹೇಳಿಲ್ವಾ, ಗಟ್ಟಿ ಮಾಡಬೋದು ಅಂತ!" ಮುಳಬಾಗಿಲಿಗೆ ಅಪ್ಪನೇ ಫೋನ್ ಮಾಡಿ, "ಕನ್ನಡಕ ಇರ್ತದೆ. ಇಷ್ಟ ಇದ್ರೆ ಬನ್ನಿ," ಎಂದರು. ಅವರು ಬರಲಿಲ್ಲ. ಫೋಟೋದಲ್ಲಿ ಚೆಂದ ಕಾಣುವ ಯಾರನ್ನೋ ಹುಡುಕಿಕೊಂಡಿರಬೇಕು, ಪೀಡೆ ತೊಲಗಿತು. ಮಾಲೂರಿನವಳು ಪಾಪ, ಈಗಲೂ ಗೋಡೆ ಗಡಿಯಾರದ ಗುಣಗಾನ ಮಾಡುತ್ತಾಳೆ. ನಲವತ್ತಾದ ಮೇಲೆ ಓದಲು ಅವಳಿಗೂ ಕನ್ನಡಕ ಬಂದೇ ಬರುತ್ತದೆ ಎಂದು ನಾನು ಹೇಳಲು ಹೋಗಿಲ್ಲ. ಕಾಯುತ್ತಿದ್ದೇನೆ.

ಆದರೆ ಇವರನ್ನೆಲ್ಲ ಇಷ್ಟು ಬೈದುಕೊಂಡು ಬಂದವಳು, ಅಪ್ಪ ಕಾಗದ ಹೊರಗೆ ತೆಗೆದ ಆ ದಿನ ವಾಪಸ್ಸು ಬರುವಾಗಿನ ಬಸ್ಸಿನ ವಿಷಯವನ್ನೂ ಬರೆಯಬೇಕು. ಬಸ್ಸು ನರಸಾಪುರ ದಾಟಿತು. ಆಮೇಲೆ ಅಪ್ಪನನ್ನು ಕೇಳಿದೆ:

"ಒಲೆಗೆ ಹಾಕು ಅಂದಿದ್ನಲ್ಲ. ಯಾಕೆ ಇಟ್ಕೊಂಡಿದ್ದೆ?"

"ಡಾಕ್ಟ್ರಮ್ಮ ಇಟ್ಕೊಳ್ಳಿ ಅಂದ್ರಲ್ಲಮ್ಮ," ಎಂದರು ಅಪ್ಪ. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು.

ಆ ಕಾಗದದಲ್ಲಿ ಇದ್ದದ್ದೆಲ್ಲ ಇಂಗ್ಲಿಷ್. ಅಪ್ಪನಿಗೆ ಅದರಲ್ಲಿ ಒಂದಕ್ಷರವೂ ಬಾರದು. ನನಗೆ ಬರುತ್ತಿತ್ತು. ಅವತ್ತು ಕೋಲಾರದ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಕೆಳಗೆ ಡಾಕ್ಟರಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದ ಲೇಸರ್ ಸಲ್ಲದು ಎಂಬ ಸಾಲನ್ನು ಎರಡು ಸಲ ಓದಿಕೊಂಡೇ, ಮನೆಗೆ ಬಂದು ಒಲೆಗೆ ಹಾಕು ಎಂದಿದ್ದೆ.