ಕಾಲು ಗಂಟೆಯ ಬ್ಯಾಟರಿ

ರಸ್ತೆ ಅಗಲ ಮಾಡಲು ಹಡಪಸರದ ನಮ್ಮ ಹೋಟೆಲನ್ನು ಕೆಡವುತ್ತಾರೆಂದು ಖಾತ್ರಿಯಾದ ಮೇಲೆ ಅಪ್ಪ ನನ್ನ ಹತ್ತಿರ ಕೇಳಿದ್ದು ಒಂದೇ.

"ಅದು ಬೀಳುದನ್ನು ನಿನ್ನ ಡ್ರೋನಿನಲ್ಲಿ ಹಿಡಿ ಮಾರಾಯ. ಎದುರು ನಿಂತು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೋಡದಿದ್ರೆ ನಂಬ್ಲಿಕ್ಕೂ ಆಗುದಿಲ್ಲ. ಬೆಳಗಾದ್ರೆ ಶಟರ್ ತೆಗಿಲಿಕ್ಕೆ ಹೊರಟೇನು."

ಖರಾಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ ನನಗೆ ಡ್ರೋನು ಭಾನುವಾರದ ಶೋಕಿ. ಅರ್ಧ ಗಂಟೆ ಹಾರುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಅದೆಲ್ಲ ಮದುವೆ ದಲ್ಲಾಳಿಯ ಮಾತು; ಗಾಳಿಯಿಲ್ಲದ ಕಡೆ, ಹೊಸ ಬ್ಯಾಟರಿಗೆ ಮಾತ್ರ ನಿಜ. ನನ್ನ ಎರಡು ಬ್ಯಾಟರಿಗಳಲ್ಲಿ ಒಂದು ಉಬ್ಬಿಕೊಂಡು ಕೈಕೊಟ್ಟಿತ್ತು, ಇನ್ನೊಂದು ಹಳತು. ಹಳತಾದದ್ದಕ್ಕೆ ಇಷ್ಟು, ಗಾಳಿಗೆ ಇಷ್ಟು, ಕ್ಷೇಮವಾಗಿ ಇಳಿಯಲು ಇಷ್ಟು ಎಂದು ಕಳೆದಾಗ ಉಳಿದದ್ದು ಕಾಲು ಗಂಟೆ. ಒಂದು ಗೋಡೆ ಉರುಳಲು ಅದು ಧಾರಾಳ ಸಾಕು.

"ಒಂದೇ ಕಡೆ ನಿಲ್ಸಿದ್ರೆ ಬ್ಯಾಟರಿ ಉಳಿತದಲ್ವಾ?" ಅಪ್ಪ ಕೇಳಿದ.

ಗಾಳಿಯಲ್ಲಿ ನಿಲ್ಲಬೇಕಾದರೂ ನಾಲ್ಕೂ ರೆಕ್ಕೆ ತಿರುಗುತ್ತಿರಬೇಕು ಎಂದೆ. "ಸುಮ್ಮನೆ ನಿಂತದ್ದಕ್ಕೂ ಖರ್ಚಾ!" ಎಂದು ನಕ್ಕ.

ಕೆಡವುವ ದಿನ ಬೆಳಗ್ಗೆ ಎದುರಿನ ಕಟ್ಟಡದ ತಾರಸಿ ಹತ್ತಿ ನಿಂತೆ. ಕೆಡವುವ ಯಂತ್ರ ತನ್ನ ಕೈ ಎತ್ತಿದ್ದೇ ತಡ, ಡ್ರೋನು ಹಾರಿಸಿದೆ. ಆಗ ಪರದೆಯ ಮೂಲೆಯಲ್ಲಿ ಅಪ್ಪ ಕಾಣಿಸಿದ, ಕೈಯಲ್ಲಿ ಚಹಾದ ತಟ್ಟೆ. ನಮ್ಮಲ್ಲಿಗೆ ಯಾರೇ ಬರಲಿ, ಬಾಕಿ ವಸೂಲಿಗೆ ಬರುವ ಉಗಾಣಿಯವನೋ ತಪಾಸಣೆಯ ಅಧಿಕಾರಿಯೋ, ಮೊದಲು ಚಹಾ, ಆಮೇಲೆ ಮಾತು. ಕೆಡವಲು ಬಂದವರಿಗೂ ಅದೇ ನಿಯಮ ಎಂಬುದು ಮಾತ್ರ ನನ್ನ ಲೆಕ್ಕಕ್ಕೆ ಹೊಳೆದಿರಲಿಲ್ಲ. ಹಿಂದಿನ ದಿನ ಹೊರಗೆ ತಂದಿಟ್ಟ ಒಲೆಯನ್ನು ಫುಟ್‌ಪಾತಿನಲ್ಲೇ ಹೊತ್ತಿಸಿದ್ದ.

ಯಂತ್ರದ ಕೈ ಎತ್ತಿದಲ್ಲೇ ನಿಂತಿತು. ಕೆಡವಿಸಲು ಬಂದ ಅಧಿಕಾರಿ ಗ್ಲಾಸು ಹಿಡಿದು ಊದಿ ಊದಿ ಕುಡಿದ. ಇಳಿಸಿಬಿಡಲೇ ಎಂದುಕೊಂಡೆ, ಇಳಿಸಿದ ಗಳಿಗೆಯಲ್ಲೇ ಗೋಡೆ ಬಿದ್ದರೆ? ಅಪ್ಪ ಇನ್ನೊಂದು ಸುತ್ತು ಬಂದ. "ಅಪ್ಪಾ, ಸಾಕು!" ಎಂದು ಕೂಗಿದೆ. ಯಂತ್ರದ ಗುಡುಗಿನಲ್ಲಿ ಅವನಿಗೆಲ್ಲಿ ಕೇಳಬೇಕು? ಫೋನು ಮಾಡೋಣವೆಂದರೆ ನನ್ನ ಫೋನೇ ರಿಮೋಟಿಗೆ ಸಿಕ್ಕಿಸಿದ ಪರದೆ. ಅದರಲ್ಲಿ ಬ್ಯಾಟರಿಯ ಅಂಕಿ ಇಳಿಯುತ್ತಲೇ ಇತ್ತು. ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಕೊನೆಗೆ ಬ್ಯಾಟರಿ ತಳ ಕಂಡು ಡ್ರೋನು ತಾನೇ ತಿರುಗಿ ನನ್ನತ್ತ ಹೊರಟಿತು. ಎಷ್ಟು ಒತ್ತಿದರೂ ಕೇಳಲಿಲ್ಲ. ಅದು ಕಾಲ ಬಳಿ ಇಳಿಯುತ್ತಿದ್ದಂತೆ ಎದುರಿಗೆ ಗೋಡೆ ಕುಸಿಯಿತು. ಫೋನನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಬರೀ ಧೂಳು. ಅಪ್ಪ ಅದಕ್ಕೆ ಬೆನ್ನು ಹಾಕಿ ಒಲೆ ಆರಿಸುತ್ತಿದ್ದ.

ಸಂಜೆ ಮನೆಯಲ್ಲಿ ಅಪ್ಪ ಕನ್ನಡಕ ಒರೆಸಿಕೊಂಡು ವಿಡಿಯೊ ನೋಡಿದ. ಉದ್ದಕ್ಕೂ ಹೋಟೆಲು ನಿಂತೇ ಇತ್ತು. ಅದರ ಮುಂದೆ ಅವನು ತಟ್ಟೆ ಹಿಡಿದು ಓಡಾಡುತ್ತಿದ್ದ. ಮುಗಿದ ಮೇಲೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಂತ್ರದಲ್ಲಿ ಕೂತವನಿಗೆ ಚಹಾ ಸಿಗ್ಲೇ ಇಲ್ಲ ನೋಡು," ಎಂದ.

ಮರುದಿನ ಬೆಳಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಶಟರಿನ ಬೀಗದ ಕೈಯೂ ಇರಲಿಲ್ಲ.