ಉಳ್ಳಾಲದ ರಾಣಿ ಮಾಂಬಲಂನಲ್ಲಿ

ಮದರಾಸಿನ ಮಾಂಬಲಂ ಸ್ಟೇಷನ್ನಿಗೆ ಹತ್ತಿರದ ಒಂದು ಓಣಿಯಲ್ಲಿ ದಿನಾ ಮಧ್ಯಾಹ್ನ ಜಗಳವಾಗುತ್ತಿತ್ತು. ಅಂತಿಂಥ ಜಗಳವಲ್ಲ. "ಎಲವೋ ದುರುಳಾ, ನಿನ್ನ ಹಡಗುಗಳನ್ನು ಕಡಲಿನ ತಳಕ್ಕೆ ಕಳಿಸದಿದ್ದರೆ ಕೇಳು!" ಎಂದು ಒಂದು ದನಿ. "ಹೆಣ್ಣೇ, ನನ್ನ ಬಲವನ್ನು ನೀನೇನು ಬಲ್ಲೆ?" ಎಂದು ಅದಕ್ಕಿಂತ ದಪ್ಪದ ಇನ್ನೊಂದು ದನಿ. ಮನೆಯ ಒಡತಿ ಜಯಲಕ್ಷ್ಮೀ ಮಾಮಿ ಮುಂದಿನ ಭಾಗದಲ್ಲಿ ಕೂತು ಎಷ್ಟು ದಿನ ಕೇಳಿಯಾರು? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇದು ಉಂಡ ಮೇಲೆ ಶುರುವಾಗುವ ಜಗಳ. ಒಂದು ದಿನ ಪಂಚಾಯಿತಿ ಮಾಡಿಯೇ ಬಿಡುತ್ತೇನೆಂದು ಸೀರೆ ಎತ್ತಿ ಕಟ್ಟಿ ಹಿತ್ತಿಲ ಕೋಣೆಗೆ ನುಗ್ಗಿದರು.

ಅಲ್ಲಿ ನೋಡಿದರೆ ಬಾಡಿಗೆಗಿದ್ದ ಗುಣವತಿ ಒಬ್ಬಳೇ. ಒರಳಿನ ಮುಂದೆ ಕೂತು ಉದ್ದು ರುಬ್ಬುತ್ತಿದ್ದಾಳೆ. ಎರಡೂ ದನಿ ಅವಳದೇ.

"ಎಂಗೆ ಉನ್ ಪುರುಷನ್? ಎಲ್ಲಿ ಅವನು?" ಮಾಮಿ ಬಾಗಿಲ ಹಿಂದೆಯೂ ನೋಡಿದರು.

"ಅವ್ರು ಹೋಟ್ಲಲ್ಲಿ ಇದ್ದಾರೆ ಮಾಮಿ."

"ಮತ್ತೆ ನೀನು ಬೈದದ್ದು ಯಾರನ್ನ?"

"ಪರಂಗಿ ನಾಯಕನನ್ನ."

"ತಿರುಗಿ ಬೈದದ್ದು?"

"ಅದೂ ನಾನೇ."

ಮಾಮಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಬಂದದ್ದು ಬಂದಾಯಿತು, ನ್ಯಾಯ ಮುಗಿಸದೆ ಹೋಗುವ ಹೆಂಗಸಲ್ಲ ಅವರು. ಒರಳಿನ ಪಕ್ಕದಲ್ಲೇ ಕಾಲು ಚಾಚಿ ಕೂತು ಕೇಳಿದರು: "ಸರಿ, ಯಾರು ಜಯಿಚ್ಚಾ? ಗೆದ್ದದ್ದು ಯಾರು?"

"ರಾಣಿ ಅಬ್ಬಕ್ಕ," ಎಂದಳು ಗುಣವತಿ. ಅಂದಿನಿಂದ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟು ಮಾಮಿ ಒರಳಿನ ಬಳಿ ಹಾಜರು.

ಈ ಗುಣವತಿ ಬ್ರಹ್ಮಾವರದ ಕಡೆಯವಳು. ಅವಳ ಅಪ್ಪ ತಾಳಮದ್ದಳೆಯ ಭಾಗವತರು. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಆಟ. ಭಾಗವತರು ಪದ ಹಾಡುತ್ತಾರೆ, ಚಾಪೆಯ ಮೇಲೆ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರ ಅರ್ಥ ಹೇಳುತ್ತಾರೆ. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲಿಯೇ, ಆಗಲೇ ಉತ್ತರ ಹುಟ್ಟಬೇಕು. ಹುಟ್ಟಲಿಲ್ಲವೋ, ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತಿಬಿಡುತ್ತಾರೆ. ನಿನ್ನ ಕಥೆ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಗುಣವತಿ ಬಾಗಿಲ ಸಂದಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಲೇ ಬೆಳೆದವಳು. ಚಾಪೆಯ ಮೇಲೆ ಮಾತ್ರ ಹೆಂಗಸರಿಗೆ ಜಾಗವಿರಲಿಲ್ಲ. ರಾಣಿಯರಿದ್ದರು, ರಾಜಕುಮಾರಿಯರಿದ್ದರು, ಎಲ್ಲರಿಗೂ ಮೀಸೆ ಇತ್ತು.

ಮದುವೆಯಾಗಿ ಮದರಾಸಿಗೆ ಬಂದಾಗ ಅದೆಲ್ಲ ಘಟ್ಟದ ಆಚೆಗೇ ಉಳಿಯಿತೆಂದುಕೊಂಡಳು. ಹಾಗಾಗಲಿಲ್ಲ. ಅವಳ ಗಂಡ ಕಿಟ್ಟಣ್ಣ ಟಿ. ನಗರದ ಒಂದು ಉಡುಪಿ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುವವನು, ಮೈಸೂರುಪಾಕಿಗೆ ಹೆಸರಾದವನು; ಬಿಡುವಾದಾಗ ಮದ್ದಳೆ ಬಾರಿಸುವವನು. ಹೋಟೆಲಿನ ಧಣಿ ರಾಮದಾಸರಿಗೆ ಅರ್ಥ ಹೇಳುವ ಹುಚ್ಚು. ಅವರು ಸೇರಿದಲ್ಲೆಲ್ಲ ಒಂದು ಚಾಪೆ ಬಿಚ್ಚಿಕೊಳ್ಳುತ್ತಿತ್ತು.

ಸಾವಿರದ ಒಂಬೈನೂರ ಐವತ್ತಾರರಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿಯ ತನಕ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೇ ಸೇರಿತ್ತು. ಉಡುಪಿಯಿಂದ ಬಂದವರು ತಮ್ಮದೇ ರಾಜಧಾನಿಯಲ್ಲಿ ದೋಸೆ ಹೊಯ್ಯುತ್ತಿದ್ದರು. ನವೆಂಬರ್ ಒಂದನೆಯ ತಾರೀಕು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಒಲೆ ಕದಲಲಿಲ್ಲ, ಕಾವಲಿ ಕದಲಲಿಲ್ಲ, ನಿಂತ ನೆಲದಲ್ಲೇ ಇವರೆಲ್ಲ ಪರಊರಿನವರಾದರು. "ರೈಲು ಹತ್ತದೆ ಪರದೇಶಕ್ಕೆ ಬಂದದ್ದು ನಾವೇ ಇರ್ಬೇಕು ಮಾರಾಯ್ರೆ," ಎಂದು ರಾಮದಾಸರು ನಗುತ್ತಿದ್ದರು. ನಕ್ಕರೂ ಒಳಗೊಂದು ಚಳುಕು. ಅದಕ್ಕೇ ಮರುವರ್ಷದ ನವೆಂಬರಿಗೆ ನಮ್ಮ ಕರಾವಳಿಯದೇ ಕಥೆಯೊಂದನ್ನು ಆಡಬೇಕೆಂದು ನಿಶ್ಚಯಿಸಿದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಭಾಗವತ ವಿಷ್ಣುತೀರ್ಥರು ಉಳ್ಳಾಲದ ರಾಣಿ ಅಬ್ಬಕ್ಕನ ಮೇಲೆ ಹೊಸ ಪದಗಳನ್ನು ಕಟ್ಟಿದರು. ಪರಂಗಿಯವರಿಗೆ, ಅಂದರೆ ಪೋರ್ಚುಗೀಸರಿಗೆ, ಕಪ್ಪ ಕೊಡಲಾರೆ ಎಂದು ನಿಂತ ರಾಣಿ ಅವಳು.

ಕಿಟ್ಟಣ್ಣ ರಾತ್ರಿ ಊಟಕ್ಕೆ ಕೂತಾಗ ಆ ಪದಗಳನ್ನು ಗುನುಗಿದ. ಮಾರನೆಯ ದಿನದಿಂದಲೇ ಒರಳಿನ ಬಳಿ ಯುದ್ಧ ಶುರುವಾದದ್ದು. ಆದರೆ ಅಕ್ಟೋಬರ್ ಕೊನೆಗೆ ಅವನೊಂದು ಸುದ್ದಿ ತಂದ.

"ಅಬ್ಬಕ್ಕನ ಅರ್ಥ ವಿಶ್ವನಾಥಂದು. ನಿನ್ನೆ ಎಲ್ರೂ ಸುಮ್ನೆ ಮಾತಿಗೆ ಕೂತಿದ್ರು. ಪರಂಗಿ ಬಂದ್ರೆ ರಾಣಿ ಗೋಳೋ ಅಂತ ಅಳ್ತಾಳೆ, ಜನ ಕರಗಿ ಹೋಗ್ಬೇಕು ಅಂತಾನೆ."

ಅನ್ನ ಬಡಿಸುತ್ತಿದ್ದ ಸೌಟು ನಿಂತಿತು. "ಅಳ್ತಾಳಾ? ಅಬ್ಬಕ್ಕ?"

"ಅವನಿಗೆ ಅಳುವ ಹೆಂಗಸರೇ ಅಭ್ಯಾಸ ಅಲ್ವಾ."

ವಿಶ್ವನಾಥ ವಿಮಾ ಕಂಪನಿಯವನು, ಒಳ್ಳೆಯ ಮನುಷ್ಯ, ಇಷ್ಟೂ ವರ್ಷ ತಂಡದ ಹೆಣ್ಣು ಪಾತ್ರಗಳನ್ನೆಲ್ಲ ಅತ್ತೂ ಅತ್ತೂ ನಡೆಸಿಕೊಂಡು ಬಂದವನು. ಅದು ಗುಣವತಿಗೆ ಗೊತ್ತು. ಆದರೆ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಯಾರೋ ತನ್ನನ್ನೇ ಹಿಡಿದು ಅಳಿಸಿದ ಹಾಗಾಯಿತು.

ಮರುದಿನ ಮಧ್ಯಾಹ್ನ, ಊಟದ ಗಲಾಟೆ ಮುಗಿದು ತಿಂಡಿಯ ಗಲಾಟೆ ಶುರುವಾಗುವ ಮುಂಚಿನ ಹೊತ್ತು. ಕೆಲಸದವರ ಹೆಂಡಂದಿರು ಹೋಟೆಲಿಗೆ ಬಂದರೆ ಹಿಂದಿನ ಬಾಗಿಲಿನಿಂದ ಬರಬೇಕು. ಬೇರೆ ಹೆಂಗಸರಾದರೆ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮಿಗೆ ಹೋಗಬೇಕು. ಗುಣವತಿ ಮುಂಬಾಗಿಲಿನಿಂದ ಬಂದಳು. ನೇರವಾಗಿ ನಡುವಿನ ಅಮೃತಶಿಲೆ ಮೇಜಿನ ಮುಂದೆ ಕೂತಳು. ಗಲ್ಲಾದಲ್ಲಿದ್ದ ರಾಮದಾಸರು ಕನ್ನಡಕ ಏರಿಸಿ ನೋಡಿದರು.

"ಎಂತ ಗುಣವತಿ, ಕಿಟ್ಟಣ್ಣ ಒಳಗೆ ಉಂಟಲ್ಲ?"

"ಅವ್ರ ಹತ್ರ ಮನೇಲೇ ಮಾತಾಡ್ತೇನೆ. ಧಣಿಗಳ ಹತ್ರ ಮಾತಾಡ್ಲಿಕ್ಕುಂಟು. ಅಬ್ಬಕ್ಕನ ಅರ್ಥ ನಾನು ಹೇಳ್ತೇನೆ."

ಅಡುಗೆಮನೆಯ ಕಿಂಡಿಯಲ್ಲಿ ಕಿಟ್ಟಣ್ಣನ ಮುಖ ಕಾಣಿಸಿ ಮಾಯವಾಯಿತು.

"ಹೆಂಗಸ್ರು ಅರ್ಥ ಹೇಳೂದುಂಟಾ?" ರಾಮದಾಸರು ನಕ್ಕರು.

"ರಾಣಿ ಹೆಂಗಸಲ್ವಾ ಧಣಿಗಳೇ?"

"ಅದು ಹಾಗಲ್ಲ ಮಾರಾಯ್ತಿ. ಪರಂಗಿ ನಾಯಕ ನಾನು. ಎದುರು ಕೂತವ್ರನ್ನ ನಾನು ಬಿಡುವ ಜನ ಅಲ್ಲ. ನಿಂಗೆ ಸಭೇಲಿ ಅಳು ಬಂದ್ರೆ ನಂಗೆ ಪಾಪ ತಟ್ಟೂದಿಲ್ವಾ?"

"ವಿಶ್ವನಾಥ ಹೇಗಿದ್ರೂ ಅಳುವವರೇ ಅಲ್ವಾ? ನಾನು ಅಳದೇ ಇದ್ರೆ ನಿಮ್ಗೆ ಲಾಭ. ಅತ್ರೆ ನಷ್ಟ ಇಲ್ಲ."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ವಿಷ್ಣುತೀರ್ಥರಿಗೆ ಕಾಫಿ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, "ರಾಮದಾಸರೇ, ಪದ ಕಟ್ಟಿದವ ನಾನು. ನನ್ನ ರಾಣಿಗೆ ಇಂಥದ್ದೇ ನಾಲಗೆ ಬೇಕು," ಎಂದರು. ವಿಶ್ವನಾಥನನ್ನು ಕೇಳಿದ್ದಕ್ಕೆ ಅವನು, "ಅಯ್ಯೋ, ಇಷ್ಟು ವರ್ಷ ಹೆಂಗಸಾಗಿ ನಂಗೂ ಸಾಕಾಗಿದೆ. ನಂಗೆ ಮಂತ್ರಿ ಕೊಡಿ," ಎಂದುಬಿಟ್ಟ. ರಾಮದಾಸರಿಗೆ ಬೇರೆ ದಾರಿ ಉಳಿಯಲಿಲ್ಲ. ಆದರೂ ಏಳುವಾಗ ಒಂದು ಮಾತು ಹೇಳಿದರು: "ನೋಡು, ಒಪ್ಪಿದ್ದೇನೆ. ಎಡವಿದ್ರೆ ಎತ್ತುವುದಿಲ್ಲ. ಮತ್ತೆ ಈ ಊರಲ್ಲಿ ಯಾವ ಹೆಂಗಸೂ ಚಾಪೆ ಕೇಳ್ಳಿಕ್ಕಿಲ್ಲ."

ಆ ಕೊನೆಯ ಮಾತು ಗುಣವತಿಯ ಜೊತೆಗೇ ಮನೆಗೆ ಬಂತು.

ನವೆಂಬರಿನ ಮೊದಲ ಭಾನುವಾರ ಸಂಜೆ. ಒಂದು ಶಾಲೆಯ ಸಭಾಂಗಣದಲ್ಲಿ ಕೂಟ. ಮದರಾಸಿನ ಮಳೆ ಹೊರಗೆ ಹೊಯ್ಯುತ್ತಿತ್ತು. ಪೆರಂಬೂರಿನ ರೈಲ್ವೆ ಕಾರ್ಖಾನೆಯ ಕನ್ನಡಿಗರು ನೆನೆದುಕೊಂಡು ಬಂದರು; ಒಂದಷ್ಟು ಹೋಟೆಲುಗಳ ಹುಡುಗರು ಬಂದರು; ಹೆಂಗಸೊಬ್ಬಳು ಅರ್ಥ ಹೇಳುತ್ತಾಳಂತೆ ಎಂದು ಮನೆಮನೆಯ ಹೆಂಗಸರೂ ಬಂದರು. ಮಾಮಿಯಂತೂ ಓಣಿಯ ಅರ್ಧ ಜನರನ್ನೇ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕನ್ನಡ ಸರಿಯಾಗಿ ಬರುವುದಿಲ್ಲವೆಂಬ ಚಿಂತೆ ಅವರಿಗಿಲ್ಲ. ಕಥೆಯನ್ನೆಲ್ಲ ಒರಳಿನ ಬಳಿಯೇ ಕೇಳಿಯಾಗಿತ್ತು.

ಗುಣವತಿ ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತಳು. ಕಿಟ್ಟಣ್ಣ ಮದ್ದಳೆಯ ಹಿಂದೆ ಕೂತ. ವಿಷ್ಣುತೀರ್ಥರು ಪದ ಎತ್ತಿದರು. ಮೊದಲ ಮಾತು ಹೊರಡುವ ತನಕ ಅವಳ ಎದೆ ಕಾದ ಕಾವಲಿಗೆ ಬಿದ್ದ ನೀರಿನಂತೆ ಚುರುಗುಟ್ಟುತ್ತಿತ್ತು. ಹೊರಟ ಮೇಲೆ ಹೊಳೆ. ತನ್ನ ಬಂದರು, ತನ್ನ ಮೆಣಸು, ತನ್ನ ಅಕ್ಕಿ, ತನ್ನ ಹಡಗು ಎಂದು ಅವಳು ಒಂದೊಂದನ್ನೇ ಎತ್ತಿ ಹೇಳುತ್ತಿದ್ದರೆ ಊರಿನ ಕಡಲಗಾಳಿ ಸಭೆಯೊಳಗೆ ಬಂದಂತಾಗಿ ಪೆರಂಬೂರಿನವರು ಬೆನ್ನು ನೆಟ್ಟಗೆ ಮಾಡಿ ಕೂತರು.

ರಾಮದಾಸರು ಹೇಳಿದ ಮಾತು ಉಳಿಸಿಕೊಂಡರು. ಬಿಡಲಿಲ್ಲ. ಪರಂಗಿ ನಾಯಕನಾಗಿ ಕುಹಕವಾಡಿದರು, ಹೆದರಿಸಿದರು, ಕೊನೆಗೆ ಮೊಣಕಾಲ ಮೇಲೆ ಎದ್ದು ಬೆರಳು ತೋರಿಸಿ ಗುಡುಗಿದರು: "ರಾಣೀ, ಕಪ್ಪ ಕೊಡು! ಇಲ್ಲದಿದ್ದರೆ ನಿನ್ನ ಬಂದರು ಈ ಕ್ಷಣವೇ ಬೂದಿ!"

ಗುಣವತಿಯ ನೆತ್ತರು ಏರಿತು. "ಎಲೈ ನಾಯಕನೇ," ಎಂದು ಅವಳೂ ಗುಡುಗಿದಳು, "ನನ್ನ ಆಸ್ಥಾನದಲ್ಲಿ ಬೆರಳು ತೋರಿಸುವೆಯಾ? ಮೊದಲು ಉಕ್ಕಾರು!"

ಉಕ್ಕಾರು ಎಂದರೆ ತಮಿಳಿನಲ್ಲಿ ಕೂತುಕೋ ಎಂದು. ಓಣಿಯ ಮಕ್ಕಳಿಗೆ, ನೀರಿನ ಸಾಲಿನಲ್ಲಿ ನುಗ್ಗುವವರಿಗೆ ದಿನಾ ಹೇಳಿ ಹೇಳಿ ನಾಲಗೆಯ ತುದಿಯಲ್ಲೇ ವಾಸವಾಗಿದ್ದ ಮಾತು ಸಿಟ್ಟಿನಲ್ಲಿ ಹಾರಿಬಿಟ್ಟಿತ್ತು. ಅಚ್ಚಗನ್ನಡದ ಚಾಪೆಯ ಮೇಲೆ ತಮಿಳು! ಸಭೆಯಲ್ಲಿ ನಗು ಕಟ್ಟೆಯೊಡೆಯಿತು. ಹೋಟೆಲಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು.

ರಾಮದಾಸರು ಹಳೇ ಹುಲಿ. ನಗು ಇಳಿಯುವ ತನಕ ಕಾದು, ಮೆತ್ತಗೆ ಕೇಳಿದರು: "ಮಹಾರಾಣೀ, ಇದಾವ ನಾಡಿನ ನುಡಿ? ಉಳ್ಳಾಲದ ರಾಣಿಯ ಬಾಯಲ್ಲಿ ಚೋಳಮಂಡಲದ ಮಾತೇ? ನಿನ್ನ ನುಡಿಯನ್ನೇ ಕಾಪಾಡಿಕೊಳ್ಳದವಳು ಬಂದರನ್ನು ಹೇಗೆ ಕಾಪಾಡುತ್ತೀಯೆ? ನೀನು ರಾಣಿಯೋ, ರಾಣಿಯ ದಾಸಿಯೋ?"

ಗುಣವತಿ ಸಭೆಯತ್ತ ನೋಡಿದಳು. ಹೆಂಗಸರ ಸಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಸೆರಗಿನ ತುದಿಯನ್ನು ಬಾಯಿಗಿಟ್ಟು ಅವಳನ್ನೇ ನೋಡುತ್ತಿದ್ದರು. ವಿಷ್ಣುತೀರ್ಥರ ಕೋಲು ಜಾಗಟೆಯ ಮೇಲೆ ನಿಧಾನವಾಗಿ ಏರುತ್ತಿತ್ತು. ಅದು ಬಿದ್ದರೆ ಮುಗಿಯಿತು. ಕಿಟ್ಟಣ್ಣ ಮಾತ್ರ ಮದ್ದಳೆಯ ಮೇಲೆ ಬೆರಳಿನಲ್ಲಿ ಮೆಲ್ಲಗೆ ಒಂದು ನಡೆ ನುಡಿಸುತ್ತಲೇ ಇದ್ದ. ಹೇಳು, ಹೇಳು ಎನ್ನುವ ಹಾಗೆ.

ಅವಳು ತಲೆಯೆತ್ತಿದಳು. ಆಮೇಲೆ ನಕ್ಕಳು. ರಾಣಿ ನಗುವ ಹಾಗೆಯೇ ನಕ್ಕಳು.

"ನಾಯಕನೇ, ಚೆನ್ನಾಗಿ ಕೇಳಿದೆ. ನನ್ನ ಬಂದರಿಗೆ ಬರುವ ಹಡಗು ಒಂದೇ ನಾಡಿನದೇ? ಅರಬ ಬರುತ್ತಾನೆ, ಮಲಯಾಳಿ ಬರುತ್ತಾನೆ, ಚೋಳಮಂಡಲದ ಚೆಟ್ಟಿ ಬರುತ್ತಾನೆ. ಬಂದವನಿಗೆ ಅವನ ಮಾತಿನಲ್ಲೇ 'ಕುಳಿತುಕೋ' ಎನ್ನುವುದು ನಮ್ಮ ಮರ್ಯಾದೆ. ಕಲಿತದ್ದರಿಂದ ನನ್ನ ನುಡಿ ಸವೆಯಲಿಲ್ಲ, ನನ್ನ ಅಂಗಳ ದೊಡ್ಡದಾಯಿತು. ನಿನಗೂ ಕನ್ನಡದಲ್ಲಿ ಹೇಳಿ ನೋಡಿದೆ, ತಲೆಗೆ ಹೋಗಲಿಲ್ಲ. ಅದಕ್ಕೇ ತಮಿಳಿನಲ್ಲಿ ಹೇಳಿದೆ. ನೀನೋ, ಈ ಕರಾವಳಿಗೆ ಬಂದು ಎಷ್ಟು ಕಾಲವಾಯಿತು? ಈ ನೆಲದ ಅಕ್ಕಿ ಉಂಡೆ, ಈ ನೆಲದ ನೀರು ಕುಡಿದೆ. ಈ ನೆಲದ ಒಂದು ಮಾತನ್ನಾದರೂ ಕಲಿತೆಯಾ? ಬಂದ ನೆಲದ ಮಾತು ಕಲಿತವನು ನೆಂಟ. ಕಲಿಯದೆ ಕೈಚಾಚಿದವನು ಕಳ್ಳ. ಈಗ ಹೇಳು, ನಮ್ಮಿಬ್ಬರಲ್ಲಿ ಕಳ್ಳರಾರು?"

ಜಾಗಟೆಯ ಕೋಲು ಗಾಳಿಯಲ್ಲೇ ನಿಂತಿತ್ತು.

ರಾಮದಾಸರು ಬಾಯಿ ತೆರೆದರು. ಮದರಾಸಿನಲ್ಲಿ ಇಪ್ಪತ್ತು ವರ್ಷ ಗಲ್ಲಾದ ಮುಂದೆ ಕೂತು ತಮಿಳಿನಲ್ಲೇ ಬಾಳು ಕಟ್ಟಿಕೊಂಡ ಮನುಷ್ಯ ಅವರು. ಪರಂಗಿಯ ಕಡೆಯಿಂದ ಹೇಳುವುದಕ್ಕೆ ಏನೂ ಸಿಗಲಿಲ್ಲ. ಮೊಣಕಾಲ ಮೇಲೆ ಎದ್ದಿದ್ದವರು ಮೆಲ್ಲಗೆ ಚಾಪೆಯ ಮೇಲೆ ಕೂತರು.

"ಉಕ್ಕಾಂದುಟ್ಟಾರ್! ಕೂತೇಬಿಟ್ಟ!" ಮಾಮಿ ಚಪ್ಪಾಳೆ ತಟ್ಟಿ ಕೂಗಿದರು. ಇಡೀ ಕೂಟದಲ್ಲಿ ಓಣಿಯವರಿಗೆ ಪೂರ್ತಿ ಅರ್ಥವಾದ ಮಾತು ಆ ಉಕ್ಕಾರು ಒಂದೇ, ಅದಕ್ಕೆ ಅವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪೆರಂಬೂರಿನವರು ಸೇರಿಕೊಂಡರು. ವಿಷ್ಣುತೀರ್ಥರು ಜಾಗಟೆ ಬಡಿದದ್ದು ಯಾರಿಗೂ ಕೇಳಿಸಲಿಲ್ಲ. ಕಿಟ್ಟಣ್ಣ ತಾಳ ಮರೆತು ಮದ್ದಳೆಯನ್ನು ಬರೀ ಬಾರಿಸಿದ, ಬಾರಿಸಿದ.

ಕೂಟ ಮುಗಿದ ಮೇಲೆ ರಾಮದಾಸರು ಬಂದು ಎದುರು ನಿಂತರು. "ಎಡವಿದ್ರೆ ಎತ್ತುವುದಿಲ್ಲ ಅಂದಿದ್ದೆ. ನೀನು ಎಡವಿದ ಕಲ್ಲನ್ನೇ ತೆಗೆದು ನಂಗೆ ಹೊಡೆದ್ಯಲ್ಲ ಮಾರಾಯ್ತಿ!" ಎಂದರು. ಸೋತ ಮನುಷ್ಯ ಅಷ್ಟು ಖುಷಿಯಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಮುಂದಿನ ವಾರವೇ ಪೆರಂಬೂರಿನಿಂದ ರಮಾಬಾಯಿ ಎಂಬ ರೈಲ್ವೆಯವರ ಹೆಂಡತಿ ರೈಲು ಹಿಡಿದು ಗುಣವತಿಯ ಕೋಣೆ ಹುಡುಕಿಕೊಂಡು ಬಂದಳು. "ನಂಗೂ ಮಾತು ಜಾಸ್ತಿ ಅಂತ ನಮ್ಮತ್ತೆ ಬೈತಾರೆ. ಉಪಯೋಗ ಇದೆಯಾ ನೋಡಿ," ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಅರವತ್ತರ ದಶಕ ಹುಟ್ಟುವ ಹೊತ್ತಿಗೆ ಮದರಾಸಿನ ಚಾಪೆಯ ಮೇಲೆ ಮೀಸೆಯಿಲ್ಲದ ರಾಣಿಯರೇ ಹೆಚ್ಚಾದರು. ವಿಶ್ವನಾಥ ಮಂತ್ರಿಯಾಗಿ ಸುಖವಾಗಿದ್ದ.

ಅದಕ್ಕೂ ಮುಂಚೆ, ಮರುವರ್ಷದ ನವೆಂಬರಿಗೆ ರಾಮದಾಸರೇ ಓಣಿಗೆ ಬಂದಿದ್ದರು. "ಈ ಸಲವೂ ಅದೇ ಕಥೆ ಬೇಕಂತೆ ಎಲ್ಲರಿಗೂ. ರಾಣಿ ತಯಾರಿದ್ದಾಳಾ?"

"ರಾಣಿ ಆಗಿ ಆಯ್ತಲ್ಲ ಧಣಿಗಳೇ," ಎಂದಳು ಗುಣವತಿ. "ಈ ಸಲ ಪರಂಗಿ ನಾಯಕ ನಾನು."

"ಮತ್ತೆ ರಾಣಿ ಯಾರು?"

"ನೀವೇ. ನಿಮ್ಮನ್ನ ನಾನೂ ಬಿಡುವ ಜನ ಅಲ್ಲ, ಈಗ್ಲೇ ಹೇಳಿದ್ದೇನೆ."

ಆ ಭಾನುವಾರ ಗುಣವತಿ ಮೊಣಕಾಲ ಮೇಲೆ ಎದ್ದು, ಬೆರಳು ತೋರಿಸಿ, "ಕಪ್ಪ ಕೊಡು!" ಎಂದು ಗುಡುಗಿದಾಗ, ಮದರಾಸಿನ ಹೆಸರಾಂತ ಹೋಟೆಲಿನ ಧಣಿ ರಾಮದಾಸರು ಹೆಗಲ ಶಲ್ಯವನ್ನು ಸೆರಗಿನಂತೆ ಎಳೆದುಕೊಂಡು, ಉತ್ತರ ಹುಡುಕುತ್ತ, ಸಭೆಯ ಹೆಂಗಸರ ಕಡೆಗೊಮ್ಮೆ ನೋಡಿದರು.

ಹೆಂಗಸರು ಒಂದೇ ದನಿಯಲ್ಲಿ ಕೂಗಿದರು: "ಹೇಳೀ, ಹೇಳೀ!"